ಇಲ್ಲ ಎನ್ನುವ ಗುಮಾಸ್ತರು

ಮೆಸೇಜ್ ಆ್ಯಪಿನಲ್ಲೇ ಕ್ರಿಪ್ಟೊ ಹಣ ಕಟ್ಟಿಸಿಕೊಂಡು ಪೋಕರ್ ಎಂಬ ಇಸ್ಪೀಟು ಜೂಜು ಆಡಿಸುವ ಕಂಪನಿಯಲ್ಲಿ ಈ ಗುಮಾಸ್ತರ ಕೆಲಸ ಒಂದೇ: ಆಟಕ್ಕೆ ನಿಷೇಧವಿರುವ ಕಡೆಯವರು ಗೋಗರೆದಾಗ, ‘ನಿಮ್ಮಲ್ಲಿ ಇದಕ್ಕೆ ಅವಕಾಶವಿಲ್ಲ’ ಎಂದು ಬರೆಯುವುದು. ಬರೆದು ಬರೆದು ಅದು ನಾಲಿಗೆಗೂ ಅಂಟಿ, ಮಗಳು ಐಸ್‌ಕ್ರೀಮ್ ಕೇಳಿದರೂ ಅದನ್ನೇ ಹೇಳುತ್ತಿದ್ದರು. ಕಂಪನಿ ತಡೆಹಿಡಿದ ಅಕೌಂಟುಗಳಲ್ಲಿ ಸಿಕ್ಕಿಕೊಂಡ ಹಣಕ್ಕಾಗಿ ಜನ ಹೂಡುವ ನೆಪಗಳನ್ನು ಓದಿ, ‘ಲೋಕದ ಹೆಂಡಂದಿರೆಲ್ಲ ಆಸ್ಪತ್ರೆಯಲ್ಲೇ ಇದಾರಲ್ರೀ!’ ಎಂದು ಪಕ್ಕದವರೊಡನೆ ನಗುತ್ತಿದ್ದರು. ಮೊನ್ನೆ ಬಂದ ಮೊರೆಯ ಮೇಲೆ ತಮಗಿದ್ದ ಒಬ್ಬನೇ ಒಡಹುಟ್ಟು, ಸ್ವಂತ ತಮ್ಮನ ಹೆಸರು, ಫೋನ್ ನಂಬರು ಇತ್ತು. ಉತ್ತರಿಸುವವರು ಯಾರೆಂದು ಅವನಿಗೆ ಕಾಣುವಂತಿರಲಿಲ್ಲ. ‘ಅಕೌಂಟ್ ಬಿಡಿಸಿಕೊಡಿ ಸಾರ್, ನಮ್ಮಣ್ಣ ತೀರಿಕೊಂಡ್ರು, ಮಣ್ಣು ಮಾಡೋಕೂ ಕಾಸಿಲ್ಲ.’ ಗುಮಾಸ್ತರು ‘ಯಾವಾಗ?’ ಎಂದು ಕೇಳಿದರು. ‘ಇವತ್ತು ಬೆಳಿಗ್ಗೆ ಸಾರ್.’ ಆ ಬೆಳಿಗ್ಗೆ ತಮ್ಮನೇ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ರಸ್ತೆಯ ಗುಂಡಿಗಳನ್ನೆಲ್ಲ ತಪ್ಪಿಸುತ್ತ, ಜೋಪಾನವಾಗಿ ಆಫೀಸಿಗೆ ಬಿಟ್ಟುಹೋಗಿದ್ದ.