ಓದಲು ಬಾರದವರನ್ನು ಹುಡುಕುವ ರೇಚಲ್

ರೇಚಲ್ ಎದುರು ಕೂತು ಓದದೆ ಎದ್ದ ಜೀವ ಮಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ. ಮಕ್ಕಳ ಮಾತು ಬಿಡಿ, ಅವರು ಅಂಗಳಕ್ಕೆ ಕಾಲಿಟ್ಟರೆ ಕೋಳಿಗಳೂ ಎರಡು ಸಾಲು ಕನ್ನಡ ಓದಿ ಮುಗಿಸಿಯೇ ಕಾಳು ಹೆಕ್ಕಲು ಹೋಗುತ್ತವೆ.

ಬೆಳಕು ಹರಿಯುವ ಮೊದಲೇ ಅವರು ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ನಿಂತಿದ್ದಾರೆ. ಮೀನು ಕೊಳ್ಳಲಿಕ್ಕಲ್ಲ. ಶಾಲಾ ಮಕ್ಕಳ ಓದಿನ ಮಟ್ಟ ಅಳೆಯುವ ಸಂಶೋಧನೆಯೊಂದಕ್ಕೆ ಮನೆಮನೆ ಸುತ್ತಿ ಮಾಹಿತಿ ತರುವುದು ಅವರ ಕೆಲಸ. ಹೆತ್ತವರು ಒಪ್ಪದೆ ಮಗುವನ್ನು ಮಾತಾಡಿಸುವಂತಿಲ್ಲ. ಹೆತ್ತವರು ಸಿಗುವುದು ಇಲ್ಲೇ. ಇಲ್ಲಿನ ಮಂಜುಗಡ್ಡೆಯ ನೀರಿಗೆ ಕಾಲಿಟ್ಟರೆ ಹಿಮಾಲಯವೂ ಕಂಬಳಿ ಕೇಳೀತು.

ಸಿಗಡಿ ಸುಲಿಯುತ್ತ ಕೂತ ರತ್ನಾವತಿ ತಲೆ ಎತ್ತುವುದಿಲ್ಲ. "ಮಗಳು ಚೈತಾಲಿ ಓದಿನ ಪರೀಕ್ಷೆ ದಿನ ಶಾಲೆಗೆ ಬರುದು ಬೇಡ ಅಂತ ಹೆಡ್‌ಮಾಸ್ಟರೇ ಹೇಳಿದ್ದು. ನೀವು ಇಲ್ಲಿವರೆಗೆ ಯಾಕೆ ಬಂದದ್ದು ಟೀಚರ್?"

"ಬರುದು ಬೇಡ ಅಂತ ಹೇಳಿಸಿಕೊಂಡ ಮಕ್ಕಳನ್ನೇ ನನಗೆ ನೋಡ್ಬೇಕು ಮಾರಾಯ್ತಿ."

"ಅವಳಿಗೆ ಓದ್ಲಿಕ್ಕೆ ಬರುದಿಲ್ಲ ಅಂತ ಊರಿಗೆಲ್ಲ ಗೊತ್ತಾಗ್ಬೇಕಾ?"

"ಹೆಸರು ಎಲ್ಲಿಗೂ ಹೋಗುದಿಲ್ಲ."

ರತ್ನಾವತಿ ಒಪ್ಪುತ್ತಾರೆ. (ತಾಯಿ, ಮಗಳ ಹೆಸರನ್ನು ಇಲ್ಲೂ ಬದಲಿಸಿದೆ.)

ದೇರೆಬೈಲಿನ ರೇಚಲ್ ಹಿಂದೆ ಟೀಚರ್ ಆಗಿದ್ದವರು. ಶಾಲೆ ಮುಚ್ಚಿತು, ಹೆಸರಿನ ಹಿಂದೆ 'ಟೀಚರ್' ಮಾತ್ರ ಉಳಿಯಿತು. ಈಗ ಫ್ಲ್ಯಾಟಿನ ವಾಚ್‌ಮನ್ ಒಳಗೆ ಬಿಡುವುದಿಲ್ಲ. ಬಿಡಿ ಮನೆಗಳಲ್ಲಿ "ಎಂತ ಮಾರ್ಲಿಕ್ಕೆ ಬಂದದ್ದು?" ಎಂದು ಗೇಟಿನಲ್ಲೇ ನಿಲ್ಲಿಸುತ್ತಾರೆ. "ನಾಯಿ ಬಂದ್ರೆ ಓಡುವ ಹಾಗೂ ಇಲ್ಲ. ಮಾಹಿತಿ ತುಂಬುವ ಟ್ಯಾಬ್ ಬಿದ್ರೆ ದುಡ್ಡು ನನ್ನ ತಲೆಗೇ" ಎನ್ನುತ್ತಾರೆ ರೇಚಲ್.

ಎಲ್ಲಕ್ಕಿಂತ ಕಷ್ಟ, ಶಾಲೆಯವರು ಬಚ್ಚಿಟ್ಟ ಮಕ್ಕಳದ್ದು. ಪರೀಕ್ಷೆಯ ದಿನ ಶಾಲೆಯಲ್ಲಿ ಜಾಣರು ಮಾತ್ರ ಇರುತ್ತಾರೆ. ವರದಿ ಚೆಂದ ಬರುತ್ತದೆ. ಓದು ಕಲಿಸಲೆಂದೇ ಸಿಗಬೇಕಿದ್ದ ಹೆಚ್ಚುವರಿ ಟೀಚರ್ ಬೇರೆ ಶಾಲೆಗೆ ಹೋಗುತ್ತಾರೆ. ಅದಕ್ಕೇ ಸಂಜೆ ಚೈತಾಲಿಯ ಮನೆಗೆ ತೊಕ್ಕೊಟ್ಟಿನ ಬಸ್ಸು.

ಐದನೇ ಕ್ಲಾಸಿನ ಚೈತಾಲಿ ಚಾಪೆಯ ಮೇಲೆ ಕೂತು, ರೇಚಲ್ ಓದಲು ಕೊಟ್ಟ ಕಾರ್ಡಿನ ಕಥೆಯನ್ನು ಗಡಗಡನೆ ಒಪ್ಪಿಸುತ್ತಾಳೆ. ಎಲ್ಲ ಮಕ್ಕಳಿಗೂ ಅದೇ ಕಾರ್ಡು. ಮೊದಲು ಓದಿದವರು ಉಳಿದವರಿಗೆ ಹೇಳಿಕೊಡುತ್ತಾರೆ. ರೇಚಲ್ ಮೆಲ್ಲ ಕಾರ್ಡನ್ನು ತಲೆಕೆಳಗು ಮಾಡುತ್ತಾರೆ. ಚೈತಾಲಿ ನಿಲ್ಲಿಸುವುದಿಲ್ಲ. ತಲೆಕೆಳಗಾದ ಸಾಲುಗಳ ಮೇಲೆ ಬೆರಳು ಓಡುತ್ತಲೇ ಇರುತ್ತದೆ.

ಆಗ ರೇಚಲ್ ಹುಡುಗಿಯ ನೆತ್ತಿ ಸವರುತ್ತಾರೆ. ಸವರಿದ್ದೇ ತಡ, ಚೈತಾಲಿ ಹೊಸ ಕಾರ್ಡು ಎತ್ತಿಕೊಂಡು ಮಳೆಗಾಲದ ನೇತ್ರಾವತಿಯ ಹಾಗೆ ತಡೆಯಿಲ್ಲದೆ ಓದುತ್ತಾಳೆ. ತೊಕ್ಕೊಟ್ಟಿನ ಬಸ್ಸುಗಳೆಲ್ಲ ಹಾರ್ನ್ ನಿಲ್ಲಿಸಿ ಕೇಳುತ್ತವೆ.

ಇಷ್ಟು ಬರೆದು ನಾನು ಫೋನಿನಲ್ಲಿ ಓದಿ ಹೇಳಿದಾಗ, ಕೋಳಿಯ ಮಾತಿಗೆ ನಕ್ಕ ರೇಚಲ್ ಇಲ್ಲಿ ನಗುವುದಿಲ್ಲ.

"ಪರೀಕ್ಷೆ ಮಾಡುವಾಗ ಮಗುವನ್ನು ಮುಟ್ಟುವ ಹಾಗಿಲ್ಲ. ಮತ್ತೆ ಅವಳೆಲ್ಲಿ ಓದಿದ್ದು? ನೀವು ಓದಿಸಿದ್ದು. ಹೆಡ್‌ಮಾಸ್ಟರ್ ಅವಳನ್ನು ಅಡಗಿಸಿದ್ರು, ನೀವು ಪಾಸ್ ಮಾಡಿದ್ರಿ. ಇನ್ನು ಆ ಶಾಲೆಗೆ ಟೀಚರನ್ನು ಯಾರು ಕೊಡ್ತಾರೆ?"

ನಾನೇ ಓದಿಸಿದ್ದು ಹೌದು.

"ಇದ್ದ ಹಾಗೆ ಬರೀರಿ. ನನಗೆ ಅಷ್ಟು ಸಾಕು."

ಇದ್ದದ್ದು ಇಷ್ಟೇ. ಹೊಸ ಕಾರ್ಡಿನಲ್ಲಿ ಚೈತಾಲಿ 'ಅ' ಒಂದನ್ನು ಗುರುತಿಸಿದಳು. ಉಳಿದ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಳು. ರೇಚಲ್ ಹಾಗೆಯೇ ಗುರುತು ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಸ್ಸಿಗೆ ನಡೆದರು.