ಅತ್ತೆಗೆ ಓದಿ ಹೇಳಿದ ಕೊನೆಯ ಅಧ್ಯಾಯ

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ನೆನಪಾಗುವುದು ಕಾದಂಬರಿಗಳು. ಶಿಡ್ಲಘಟ್ಟದ ನಮ್ಮ ಮನೆಯ ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆಯೊಂದಿತ್ತು. ಅಲ್ಲಿ ಗೋಡೆಗೆ ಒರಗಿ ಕೂತು ಓದಿದ ಪುಸ್ತಕಗಳಿಗೆಲ್ಲ ಆ ವಾಸನೆಯೇ ಅಂಟಿಕೊಂಡಿರುತ್ತಿತ್ತು. ಬಿದಿರಿನ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಆ ಸದ್ದನ್ನು ಮೀರುವ ಹಾಗೆ ನಾನು ಗಟ್ಟಿಯಾಗಿ ಓದಬೇಕಿತ್ತು. ಸೊಪ್ಪು ಹೆಚ್ಚುತ್ತಾ ಕೇಳುತ್ತಿದ್ದವಳು ನನ್ನ ಸೋದರತ್ತೆ ರತ್ನಮ್ಮ. ನನಗಾಗ ಹತ್ತು ವರ್ಷ, ಅವಳಿಗೆ ಇಪ್ಪತ್ತಾರು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಮಕ್ಕಳಾಗಲಿಲ್ಲವೆಂದು ಚಿಂತಾಮಣಿಯ ಗಂಡನ ಮನೆಯವರು ಅತ್ತೆಯನ್ನು ತವರಿಗೆ ಕಳಿಸಿ, ವರ್ಷ ತುಂಬುವುದರೊಳಗೆ ಮಗನಿಗೆ ಇನ್ನೊಂದು ಮದುವೆ ಮಾಡಿದ್ದರು. ಅಜ್ಜಿ ಅವಳನ್ನು ಹೆತ್ತ ತಾಯಿಯೇ. ಆದರೂ ಮುದ್ದೆ ಬಡಿಸುವಾಗಲೆಲ್ಲ, "ಯಾರದೋ ಮನೆ ಸೊಸೆಗೆ ನಮ್ಮನೆ ರಾಗಿ" ಎನ್ನುವಳು. ಮನೆಗೆ ಬಂದ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುವ ಹೊತ್ತಿಗೆ ಸರಿಯಾಗಿ ಅವಳನ್ನು ಹುಳುಗಳ ಕೋಣೆಗೆ ಅಟ್ಟುವಳು. ಇಂಥ ಒಬ್ಬ ಅತ್ತೆಯೋ ಚಿಕ್ಕಮ್ಮನೋ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಊಟಕ್ಕೆ ಎಲ್ಲರಿಗಿಂತ ಕೊನೆಗೆ ಕೂತು, ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು.

ಪಕ್ಕದ ಬೀದಿಯ ಮೇಷ್ಟರ ಹೆಂಡತಿ ನಮಗೆ ಪುಸ್ತಕಗಳನ್ನು ಎರವಲು ಕೊಡುತ್ತಿದ್ದರು. ಆ ಬೇಸಿಗೆಯಲ್ಲಿ ಬಂದ ದಪ್ಪ ಕಾದಂಬರಿಯಲ್ಲಿ, ಮಕ್ಕಳಿಲ್ಲದೆ ತವರಿಗೆ ಬಂದ ಸೊಸೆಯೊಬ್ಬಳ ಕಥೆಯಿತ್ತು. ಅತ್ತೆ ಅವಳನ್ನು "ನಮ್ಮ ಹುಡುಗಿ" ಎಂದೇ ಕರೆಯುತ್ತಿದ್ದಳು. ಸೊಪ್ಪು ಹೆಚ್ಚುವ ಕತ್ತಿ ನಿಲ್ಲಿಸಿ, "ಆ ಮಾತು ಇನ್ನೊಂದ್ಸಲ ಓದಮ್ಮ" ಎನ್ನುವಳು. ನಾನು ಓದಿದರೆ ಬಾಯೊಳಗೇ ತಾನೂ ಹೇಳಿಕೊಳ್ಳುವಳು.

ಕಾದಂಬರಿ ಮುಗಿಯುತ್ತಾ ಬಂದಾಗ ಚಿಂತಾಮಣಿಯಿಂದ ಅತ್ತೆಯ ಗಂಡ, ನನ್ನ ಮಾವ, ಹೇಳಿಕಳಿಸಿದ. ಎರಡನೆಯ ಹೆಂಡತಿಗೆ ಹೆರಿಗೆಯಾದ ಮೇಲೆ ಕಾಲೆರಡೂ ಸ್ವಾಧೀನ ತಪ್ಪಿವೆ, ಮಗುವನ್ನು ನೋಡಿಕೊಳ್ಳುವವರಿಲ್ಲ, ಬುಧವಾರ ಗಾಡಿ ಬರುತ್ತದೆ, ರತ್ನಮ್ಮನನ್ನು ಕಳಿಸಿಕೊಡಿ ಎಂದು. ಅಪ್ಪ ತಂಗಿಯನ್ನು ಕರೆದು, "ನಿನ್ನಿಷ್ಟ ಕಣಮ್ಮ" ಎಂದರು. ಆ ಮನೆಯಲ್ಲಿ ಅವಳ ಇಷ್ಟವನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

"ಎರಡು ದಿನ ತಡಿ ಅಣ್ಣ, ಯೋಚ್ನೆ ಮಾಡಿ ಹೇಳ್ತೀನಿ" ಎಂದಳು.

ಅವಳು ಕಾಯುತ್ತಿದ್ದದ್ದು ಕಥೆಯ ಕೊನೆಗೆ ಎಂಬುದು ನನಗೆ ಗೊತ್ತಿತ್ತು. ನಾನು ಕದ್ದು ಮುಂದಕ್ಕೆ ಓದಿಬಿಟ್ಟಿದ್ದೆ. ಆ ಜಂಬದಲ್ಲಿ, ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಮುಂದೆ ಹೋಗಿ, "ಗಂಡ ಕರಿಯಕ್ಕೆ ಬಂದ್ರೆ ಅವಳು ಹೋಗಲ್ಲ ಅಜ್ಜಿ, ಮುಖದ ಮೇಲೇ ಬಾಗಿಲು ಹಾಕ್ತಾಳೆ" ಎಂದೆ.

ಅಜ್ಜಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಕೆಂಪು ಪಟ್ಟೆ ಲಂಗ ಹೊಲಿಸ್ಕೊಡ್ತೀನಿ. ಹೋದ್ಳು ಅಂತ ಓದು."

"ಪುಸ್ತಕದಲ್ಲಿ ಹಂಗಿಲ್ಲ."

"ಅವಳಿಗೇನು ಓದಕ್ಕೆ ಬರ್ತದಾ?"

ಮಂಗಳವಾರ ಮಧ್ಯಾಹ್ನ ಓದಿದೆ. ಕಣ್ಣನ್ನು ಸಾಲುಗಳ ಮೇಲೇ ಓಡಿಸುತ್ತಾ, ಸರಿಯಾದ ಹೊತ್ತಿಗೆ ಹಾಳೆ ಮಗುಚುತ್ತಾ, ಅಲ್ಲಿಲ್ಲದ್ದನ್ನು ಓದಿದೆ. ಗಂಡ ಹೊಸಿಲಲ್ಲಿ ನಿಂತು ಅತ್ತ. ಸವತಿ "ಅಕ್ಕಾ" ಎಂದು ಕೈ ಹಿಡಿದಳು. ಮಗು ಇವಳ ಕೊರಳಿಗೆ ಜೋತುಬಿದ್ದು ಅಮ್ಮಾ ಎಂದಿತು. ಅಜ್ಜಿ ಹೇಳಿಕೊಟ್ಟದ್ದು "ಹೋದ್ಳು" ಎಂಬ ಒಂದೇ ಮಾತು. ಮಿಕ್ಕಿದ್ದೆಲ್ಲ ನಾನು ಕಟ್ಟಿದ್ದು. ಕಟ್ಟುತ್ತಾ ಹೋದಂತೆ ನನಗೆ ಖುಷಿಯೇ ಆಗುತ್ತಿತ್ತು, ಅದನ್ನೂ ಹೇಳಿಬಿಡಬೇಕು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಮ್ಮ ಹುಡುಗಿ ಗೆದ್ಲು ಕಣಮ್ಮ" ಎಂದಳು. ಮರುದಿನ ಗಾಡಿ ಹತ್ತಿದಳು. ಲಂಗ ಮುಂದಿನ ವಾರ ಬಂತು. ನಾನು ಹಾಕಿಕೊಂಡೆ.

ಎರಡು ವರ್ಷದ ಮೇಲೆ ಆ ಮಗುವಿನ ಮುಡಿ ತೆಗೆಸುವ ಶಾಸ್ತ್ರಕ್ಕೆಂದು ಅಪ್ಪ ನನ್ನನ್ನು ಚಿಂತಾಮಣಿಗೆ ಕರೆದೊಯ್ದರು. ನೆಂಟರೆಲ್ಲ ನಡುಮನೆಯಲ್ಲಿದ್ದರು, ಅತ್ತೆ ಹಿತ್ತಲಲ್ಲಿ ಹಂಡೆ ತಿಕ್ಕುತ್ತಿದ್ದಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಮಾವ ಅವಳ ಕಡೆ ತಿರುಗದೆ, "ಎಲೆ ಎತ್ತಕ್ಕೆ ಹೇಳು ಅವಳಿಗೆ" ಎಂದ. ಅವಳೇ ಎತ್ತಿ ಆಡಿಸಿದ ಮಗು ದೊಡ್ಡವರು ಕಲಿಸಿದಂತೆ "ಏ ರತ್ನೀ, ನೀರು" ಎಂದಿತು. ನೆಂಟರು ನಕ್ಕರು. ಅತ್ತೆ ನೀರು ತಂದು ಕೊಟ್ಟಳು.

ಸಂಜೆ ನಮ್ಮನ್ನು ಕಳಿಸಲು ಬಸ್ ಸ್ಟಾಂಡಿಗೆ ಬಂದಳು. ಅಪ್ಪ ಬಸ್ಸು ವಿಚಾರಿಸಲು ಆಚೆ ಹೋದಾಗ, ಹಾಸಿಗೆ ಹಿಡಿದ ಸವತಿ ಹೊತ್ತು ಹೋಗದೆ ತನಗೆ ಅಕ್ಷರ ಕಲಿಸಿದಳೆಂದು ಅತ್ತೆ ಹೇಳಿದಳು. ಸವತಿಯ ಟ್ರಂಕಿನಲ್ಲಿ ಅದೇ ಕಾದಂಬರಿ ಇತ್ತಂತೆ.

"ಕೂಡಿಸಿ ಕೂಡಿಸಿ ಕೊನೇವರೆಗೂ ಓದ್ದೆ. ನಮ್ಮ ಹುಡುಗಿ ಹೋಗಲ್ವಲ್ಲಮ್ಮ."

ನಾನು ಅಪ್ಪ ಹೋದ ಕಡೆಗೆ ತಿರುಗಿದೆ.

"ಯಾರಾದ್ರೂ ಹೇಳ್ಕೊಟ್ರಾ? ಇಲ್ಲ, ನೀನೇ ಕಟ್ಟಿದ್ದಾ?"

"ಅಜ್ಜಿ," ಎಂದೆ. "ಎಲ್ಲ ಅಜ್ಜೀನೇ ಹೇಳ್ಕೊಟ್ಟಿದ್ದು. ಅಳೋದು, ಮಗು ಕರಿಯೋದು, ಎಲ್ಲ."

ಅತ್ತೆ ನನ್ನ ಜಡೆ ಸರಿಮಾಡಿ, "ಹಂಗಾದ್ರೆ ಸರಿ. ನೀನಲ್ಲ ಅಂತ ನಂಗೊತ್ತಿತ್ತು" ಎಂದಳು.

ಆಮೇಲೆ ಅವಳು ತವರಿನ ಹೊಸಿಲು ತುಳಿಯಲಿಲ್ಲ. ಗೌರಿ ಹಬ್ಬಕ್ಕೆ ಅಜ್ಜಿ ಎರಡು ಸಲ ಹೇಳಿಕಳಿಸಿದಳು. ಬಾಗಿನ ಹಾಗೇ ವಾಪಸ್ಸು ಬಂತು. ಯಾಕೆಂದು ಅಜ್ಜಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು. ಮೂರನೆಯ ವರ್ಷ ಅತ್ತೆ ಜ್ವರದಲ್ಲಿ ತೀರಿಕೊಂಡಳು. ಸುದ್ದಿ ಬಂದಾಗ ಅಜ್ಜಿ ಅಳಲಿಲ್ಲ. "ಮುತ್ತೈದೆಯಾಗಿ ಗಂಡನ ಮನೇಲೇ ಹೋದ್ಳು, ಪುಣ್ಯವಂತೆ" ಎಂದಳು. ಅಷ್ಟು ಹೇಳಿದವಳು ತನ್ನ ಕೊನೆಗಾಲದಲ್ಲಿ ದಿನವೂ ನನ್ನನ್ನು ಕೇಳುತ್ತಿದ್ದಳು, "ಯಾಕಮ್ಮ ರತ್ನಿ ನನ್ನ ನೋಡಕ್ಕೆ ಬರಲಿಲ್ಲ?" ಹಾಸಿಗೆಯ ಪಕ್ಕದಲ್ಲಿ ಕೂತಿದ್ದ ನಾನು, "ಕೆಲಸ ಜಾಸ್ತಿ ಇತ್ತೇನೋ ಅಜ್ಜಿ" ಎನ್ನುತ್ತಿದ್ದೆ.