ಯಲ್ಲಾಪುರದ ಸರ್ವರ್‌ಗೆ ಇದ್ದ ಇನ್ನೊಂದು ಕೀಲಿ

ದೂರವಾಣಿ ಇಲಾಖೆಯಿಂದ ನಿವೃತ್ತನಾದ ಮೇಲೆ ಶಿರಸಿಯಲ್ಲಿ ಮನೆ, ಅಂಗಡಿಗಳ ನೆಟ್‌ವರ್ಕ್ ಸರಿಪಡಿಸುವ ಕೆಲಸ ಹಿಡಿದೆ. ಹೋದ ವರ್ಷ ಮದುವೆ ಹಂಗಾಮಿನಲ್ಲಿ ಯಲ್ಲಾಪುರದಿಂದ ಶಹನಾಜ್ ಫೋನ್ ಮಾಡಿದರು.

"ಭಟ್ರೆ, ಶಿರಸಿ ಮದುವೆ ಮನೆಯವ್ರ ಮೊಬೈಲಲ್ಲಿ ಆಲ್ಬಮ್ ತೆರೀತಾನೇ ಇಲ್ಲ. ಸ್ವಲ್ಪ ಬಂದು ನೋಡ್ರಿ."

ಶಹನಾಜ್ ಛಾಯಾಗ್ರಾಹಕಿ. ಮುಸ್ಲಿಂ ಮನೆಗಳಲ್ಲಿ ಮೆಹಂದಿಯ ದಿನ ಹೆಂಗಸರದ್ದೇ ಸಂಭ್ರಮ; ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ತಲೆಯ ಮೇಲಿನ ದುಪಟ್ಟಾ ಬದಿಗಿಟ್ಟು ಹಾಡಿ ಕುಣಿಯುವ ಆ ಹೊತ್ತನ್ನು ಚಿತ್ರೀಕರಿಸಲು ಸುತ್ತಲಿನ ತಾಲೂಕಿನವರು ಇವರನ್ನೇ ಕರೆಯುತ್ತಿದ್ದರು. ಚಿತ್ರ ಆ ಮನೆಯ ಹೆಂಗಸರನ್ನು ಬಿಟ್ಟು ಬೇರೆಯವರ ಕಣ್ಣಿಗೆ ಬೀಳದು ಎಂದು ಇವರು ಮಾತು ಕೊಡುತ್ತಿದ್ದರು. ಅದಕ್ಕಾಗಿಯೇ ಯಾವ ಕಂಪನಿಯ ಕ್ಲೌಡ್‌ಗೂ ಹಾಕದೆ ಮನೆಯಲ್ಲೇ ಸ್ವಂತ ಸರ್ವರ್ ಇಟ್ಟುಕೊಂಡಿದ್ದರು. ದೊಡ್ಡ ಹಾರ್ಡ್ ಡಿಸ್ಕ್ ಇರುವ ಚಿಕ್ಕ ಕಂಪ್ಯೂಟರ್ ಅದು. ಅದರೊಳಗಿನದನ್ನು ಇಂಟರ್‌ನೆಟ್ ಮೂಲಕ ದೂರದಿಂದ ನೋಡಬಹುದು. ಜೋಡಿಸಿಕೊಟ್ಟವನು ಶಿರಸಿಯ ಒಬ್ಬ ಕಂಪ್ಯೂಟರ್ ಅಂಗಡಿಯವ.

ರೌಟರ್‌ನ ಸೆಟ್ಟಿಂಗ್ಸ್ ನೋಡಿದೆ. ಆ ಪುಣ್ಯಾತ್ಮ ಪೋರ್ಟ್ ಫಾರ್ವರ್ಡಿಂಗ್ ಮಾಡಿಟ್ಟಿದ್ದ. ಅಂದರೆ ಸರ್ವರ್‌ನ ಲಾಗಿನ್ ಪುಟವನ್ನು ಇಡೀ ಜಗತ್ತಿಗೆ ತೆರೆದಿಟ್ಟಿದ್ದ. ಅಷ್ಟೇ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ಸದ್ಯ ಒಳಗೆ ಯಾರಿದ್ದಾರೆ ಎಂದು ನೋಡಿದರೆ, ಶಹನಾಜ್ ಹೆಸರಿನ ಕೆಳಗೆ 'ಸರ್ವೀಸ್' ಎಂಬ ಇನ್ನೊಂದು ಖಾತೆ! ಆ ಶಿರಸಿ ಮನೆಯ ಮೆಹಂದಿ ವಿಡಿಯೊ ಆ ಕ್ಷಣದಲ್ಲೇ ಆ ಖಾತೆಯಲ್ಲಿ ಓಡುತ್ತಿತ್ತು. ಮನೆಯ ಇಂಟರ್‌ನೆಟ್ ವೇಗವನ್ನೆಲ್ಲ ಅದೇ ನುಂಗಿತ್ತು; ಆಲ್ಬಮ್ ತೆರೆಯದಿದ್ದುದೂ ಇದರಿಂದಲೇ.

ಶಹನಾಜ್ ಎದುರಿಗೇ ಅಂಗಡಿಯವನಿಗೆ ಫೋನ್ ಹಚ್ಚಿದೆ.

"ಆನು ಎಲ್ಲಾ ಗಿರಾಕಿಗಳದ್ದೂ ಒಂದೊಂದು ಲಾಗಿನ್ ಇಟ್ಕತ್ತೆ. ರಿಪೇರಿಗೆ ಬೇಕಾಗ್ತು" ಎಂದು ಹವಿಗನ್ನಡದಲ್ಲೇ ಹೇಳಿದ.

"ವಿಡಿಯೊ ನೋಡದೂ ರಿಪೇರಿಯನಾ?"

"ಸುಮ್ನೆ ನೋಡಿದ್ರೆ ಎಂತಾಗ್ತು ಮಾರಾಯ್ರೆ?"

ನಾಚಿಕೆಗೆಟ್ಟವ! ನಮ್ಮ ಜನವೂ ಹಾಗೇ. ಫೋನನ್ನು ರಿಪೇರಿಗೆ ಕೊಡುವಾಗ ಪಾಸ್‌ವರ್ಡ್ ಬರೆದ ಚೀಟಿಯನ್ನು ಅದರ ಬೆನ್ನಿಗೇ ಅಂಟಿಸಿ ಕೊಡುತ್ತೇವೆ. ಗುರುತಿನವನಲ್ಲವೇ ಎಂಬ ಧೈರ್ಯ. ಆ ಧೈರ್ಯದ ಮೇಲೆ ಇಂಥವರು ಅಂಗಡಿ ನಡೆಸುತ್ತಾರೆ.

ಅವನ ಖಾತೆ ಅಳಿಸಿದೆ, ಪೋರ್ಟ್ ಮುಚ್ಚಿದೆ, ವಿಪಿಎನ್ ಹಾಕಿದೆ. ಇದೊಂದು ಖಾಸಗಿ ಸುರಂಗ. ಶಹನಾಜ್ ಕೀಲಿ ಕೊಟ್ಟ ಮೊಬೈಲ್ ಮಾತ್ರ ಒಳಗೆ ಬರಬಲ್ಲದು. ಒಂದೊಂದು ಮನೆಗೆ ಅವರದೇ ಕೀಲಿ, ಅವರದೇ ಫೋಲ್ಡರ್. ಆದರೆ ಅವನು ವಿಡಿಯೊ ನಕಲು ಮಾಡಿಕೊಂಡಿದ್ದನೋ ಇಲ್ಲವೋ, ಇವತ್ತಿಗೂ ನಾನು ಹೇಳಲಾರೆ.

ಆ ಮನೆಯವರಿಗೆ ಹೇಳುವುದು ಹೇಗೆ ಎಂದು ನಾನು ತಡವರಿಸುತ್ತಿದ್ದಾಗ ಶಹನಾಜ್ ಎದ್ದುನಿಂತರು. "ಮಾತು ಕೊಟ್ಟವ್ಳು ನಾನ್ರಿ. ನಾನೇ ಹೋಗಿ ಹೇಳ್ತೇನೆ."

ಹೋಗಿ ಹೇಳಿದರು. ಜೊತೆಗೆ ಹೋಗಿದ್ದ ನಾನು ಪೊಲೀಸ್ ದೂರು ಕೊಡೋಣ ಎಂದು ಹಟ ಹಿಡಿದೆ. ಠಾಣೆಯಲ್ಲಿ ಅದೇ ವಿಡಿಯೊವನ್ನು ಇನ್ನಷ್ಟು ಗಂಡಸರು ನೋಡುತ್ತಾರೆ ಎಂದು ಮದುಮಗಳ ತಾಯಿ ಒಪ್ಪಲಿಲ್ಲ. ದೂರಿನ ಮಾತನ್ನು ಅಲ್ಲಿಗೇ ಬಿಟ್ಟೆ.

ಈಗ ಯಾರ ಮನೆಯಲ್ಲೇ ಕೆಲಸ ಮುಗಿಸಿದರೂ, ನನ್ನ ಖಾತೆಯನ್ನು ಮನೆಯವರ ಕೈಯಿಂದಲೇ ಅಳಿಸಿಸಿ ಹೊರಡುತ್ತೇನೆ. ಬೀಗ ಹಾಕಿಕೊಟ್ಟವನ ಹತ್ತಿರ ಕೀಲಿ ಉಳಿಯಬಾರದು. ಈ ಕೆಲಸ ಕಲಿಸಿದ್ದು ಇಷ್ಟು. ಅಂಗಡಿಯವನ ವ್ಯಾಪಾರ ಚೆನ್ನಾಗಿಯೇ ಇದೆ. ಆ ಮನೆಯ ಕಿರಿಯ ಮಗಳ ಮದುವೆ ಮೊನ್ನೆ ಆಯಿತು. ಅವಳ ಮೆಹಂದಿಗೆ ಕ್ಯಾಮೆರಾ ಹಿಡಿಯಲು ಶಹನಾಜ್‌ರನ್ನೂ ಕರೆಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಆ ಹುಡುಗಿಯ ಹತ್ತಿರ ಆ ದಿನದ ಒಂದು ಚಿತ್ರವೂ ಇಲ್ಲ.